ಬೆಳ್ಳಾರೆಯಿಂದ ಬಾವುಟಗುಡ್ಡದವರೆಗೆ: 1837ರಲ್ಲಿ ಸುದ್ದಿ ಓಡಿದ ಬಗೆ

ದಕ್ಷಿಣ ಕನ್ನಡ ಜಿಲ್ಲೆಯ ಭೂಪಟವನ್ನು ಎದುರಿಗೆ ಹರಡಿಕೊಳ್ಳಿ. ಆಗ್ನೇಯ ಮೂಲೆಯಲ್ಲಿ, ಘಟ್ಟದ ಬುಡಕ್ಕೆ ಒರಗಿದಂತೆ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಕಾಣುತ್ತವೆ. ಸುಳ್ಯದ ಪಕ್ಕದಲ್ಲಿ ಪಯಸ್ವಿನಿ ಹರಿದು ಕಾಸರಗೋಡಿನ ಕಡೆಗೆ ಸಾಗುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಇಳಿದು ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅಡಿಕೆ ತೋಟ, ಗದ್ದೆ, ಗುಡ್ಡ, ಕಾಡುಗಳ ನಡುವೆ ಮನೆಗಳು ಒಂದಕ್ಕೊಂದು ದೂರ ದೂರ. ಇಂತಹ ಸೀಮೆಯಲ್ಲಿ, ದೂರವಾಣಿಯೂ ತಂತಿಯೂ ಇಲ್ಲದ ಕಾಲದಲ್ಲಿ, ಒಂದು ಸುದ್ದಿ ಮನೆಯಿಂದ ಮನೆಗೆ ಹೋಗಲು ಎಷ್ಟು ಹೊತ್ತು ಬೇಕಾಗುತ್ತಿತ್ತು?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. 1837ರ ವಸಂತದಲ್ಲಿ ಇದೇ ಪ್ರಶ್ನೆಗೆ ಉತ್ತರ ತಿಳಿಯದೆ ಒಂದು ಸರ್ಕಾರ ತನ್ನ ಜಿಲ್ಲಾ ಕೇಂದ್ರವನ್ನೇ ಕೆಲವು ದಿನಗಳ ಮಟ್ಟಿಗೆ ಕಳೆದುಕೊಂಡಿತು. ಅಮರ ಸುಳ್ಯದ ಬಂಡಾಯ ಎಂದು ಇಂದು ನಾವು ಕರೆಯುವ ಆ ಘಟನೆಯನ್ನು ಶೌರ್ಯದ ಕಥೆಯಾಗಿ ಹಲವರು ಬರೆದಿದ್ದಾರೆ. ಇಲ್ಲಿ ಅದನ್ನು ಬೇರೆ ದಿಕ್ಕಿನಿಂದ ನೋಡೋಣ. ರಕ್ಷಣೆಯ ವಿಷಯದಲ್ಲಿ ಸರ್ಕಾರ ಮತ್ತು ಜನರ ನಡುವಣ ಸಂವಹನ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಈ ಘಟನೆ ನಮ್ಮ ಮನೆಯಂಗಳದ ಉದಾಹರಣೆ.

ಒಂದು ಘೋಷಣೆ ಮತ್ತು ಅದರ ಮುಂದಿನ ಮೂರು ವರ್ಷ

ಅಮರಸುಳ್ಯ, ಪಂಜ, ಬೆಳ್ಳಾರೆ ಸೀಮೆಗಳು ಕೊಡಗಿನ ಹಾಲೇರಿ ಅರಸರ ಆಡಳಿತದಲ್ಲಿದ್ದವು. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಮಡಿಕೇರಿಯನ್ನು ಹಿಡಿಯಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಮೇ 7ರಂದು ಕರ್ನಲ್ ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಕೊಡಗಿನ ನಿವಾಸಿಗಳೆಲ್ಲರೂ ಒಮ್ಮತದಿಂದ ಬಯಸಿದ್ದರಿಂದ ಈ ನಾಡನ್ನು ಕಂಪೆನಿ ತನ್ನ ಆಡಳಿತಕ್ಕೆ ಸೇರಿಸಿಕೊಂಡಿದೆ, ಜನರ ಆಚಾರ ವಿಚಾರಗಳಿಗೆ ಧಕ್ಕೆ ಬಾರದು ಎಂಬುದು ಅದರ ಸಾರಾಂಶ.

ಇದು ಸರ್ಕಾರಿ ಸಂವಹನದ ಒಳ್ಳೆಯ ಮಾದರಿಯಂತೆ ತೋರುತ್ತದೆ. ಆದರೆ ಘಟ್ಟದ ಕೆಳಗಿನ ರೈತನಿಗೆ ಆ ಘೋಷಣೆಗಿಂತ ಮುಂದಿನ ವರ್ಷಗಳ ಅನುಭವವೇ ಹೆಚ್ಚು ಸ್ಪಷ್ಟವಾಗಿ ಮಾತನಾಡಿತು. ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ, ಅಂದರೆ ಮಂಗಳೂರಿನ ಕಲೆಕ್ಟರನ ಅಧೀನಕ್ಕೆ ಸೇರಿಸಲಾಯಿತು. ಹಿಂದೆ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ಕೊಡಬೇಕಾಯಿತು. ನಗದು ಬೇಕಾದರೆ ಬೆಳೆಯನ್ನು ಸುಗ್ಗಿಯಲ್ಲೇ, ಬೆಲೆ ಇಳಿದಿರುವಾಗಲೇ ಮಾರಬೇಕು. ಇಲ್ಲವೇ ಸಾಲ ಮಾಡಬೇಕು. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರ ಕಂಪೆನಿಯ ಏಕಸ್ವಾಮ್ಯದಲ್ಲಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಂಗಳೂರಿನಿಂದ ಹಳ್ಳಿಗೆ ಆದೇಶ ಹೋಗುವ ದಾರಿ ಇತ್ತು. ಹಳ್ಳಿಯಿಂದ ಮಂಗಳೂರಿಗೆ ಹಣ ಬರುವ ದಾರಿಯೂ ಇತ್ತು. ಆದರೆ ಹಳ್ಳಿಯ ಕಷ್ಟ ಮಂಗಳೂರಿಗೆ ತಲುಪುವ ದಾರಿ ಇರಲಿಲ್ಲ, ಅಥವಾ ಇದ್ದೂ ಇಲ್ಲದಂತಿತ್ತು. ಎಂಜಿನಿಯರುಗಳ ಭಾಷೆಯಲ್ಲಿ ಹೇಳುವುದಾದರೆ ಇದು ಮರುಮಾಹಿತಿ ಇಲ್ಲದ ವ್ಯವಸ್ಥೆ. ಬಾಯ್ಲರಿನ ಒತ್ತಡ ತೋರಿಸುವ ಮಾಪಕವನ್ನು ಕಿತ್ತು ಹಾಕಿ ಬೆಂಕಿ ಉರಿಸುತ್ತ ಹೋದರೆ ಏನಾಗುವುದೋ, ಇಲ್ಲೂ ಅದೇ ಆಯಿತು.

ಮದುವೆ ಚಪ್ಪರದ ಸುದ್ದಿಜಾಲ

ಬಂಡಾಯದ ಮುಂಚೂಣಿಯಲ್ಲಿದ್ದವರಲ್ಲಿ ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯ ಗೌಡ, ಕೊಡಗಿನ ಗುಡ್ಡೆಮನೆ ಅಪ್ಪಯ್ಯ ಗೌಡ, ಹುಲಿಕುಂದ ನಂಜಯ್ಯ ಮೊದಲಾದವರು ಮುಖ್ಯರು. ಇವರಿಗೊಂದು ಕೇಂದ್ರ ವ್ಯಕ್ತಿ ಬೇಕಾಗಿತ್ತು. ಹಾಲೇರಿ ವಂಶದವರೆಂದು ಹೇಳಿಕೊಂಡಿದ್ದ ಅಪರಂಪಾರ ಸ್ವಾಮಿ ಆಗಲೇ ಕಂಪೆನಿಯ ಬಂಧನದಲ್ಲಿದ್ದರು. ಆದ್ದರಿಂದ ಪುಟ್ಟಬಸಪ್ಪ ಎಂಬಾತ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನರೆದುರು ಬಂದ. ಪೂಮಲೆಯ ಕಾಡು ಅವರ ನೆಲೆಯಾಯಿತು.

ನೂರಾರು ಜನ ಆಯುಧ ಸಮೇತ ಒಂದೆಡೆ ಸೇರುವುದು ಸರ್ಕಾರದ ಕಣ್ಣಿಗೆ ಬೀಳದೆ ಹೇಗೆ ಸಾಧ್ಯ? ಉಬರಡ್ಕ ಮಿತ್ತೂರಿನ ಕಡೆ ಇಂದಿಗೂ ಹೇಳುವ ಮಾತೊಂದಿದೆ: ಮದುವೆಯ ನೆಪದಲ್ಲಿ ಚಪ್ಪರ ಹಾಕಿದರು, ನೆಂಟರಂತೆ ಬಂದವರು ದಂಡಾಗಿ ಹೊರಟರು. ಇದು ಊರಿನ ನೆನಪು. ಆದರೂ ಸಂವಹನದ ದೃಷ್ಟಿಯಿಂದ ಇದರಲ್ಲಿರುವ ಜಾಣ್ಮೆ ದೊಡ್ಡದು. ಮದುವೆಯ ಕರೆ ಯಾರ ಸಂಶಯಕ್ಕೂ ಕಾರಣವಾಗುವುದಿಲ್ಲ. ಅದನ್ನು ಹೊತ್ತವನು ಪ್ರತಿ ಮನೆಯ ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಹಿರಿಯರೊಡನೆ ಮುಖಾಮುಖಿ ಮಾತಾಡಿಯೇ ಮುಂದೆ ಹೋಗುತ್ತಾನೆ. ಗುಟ್ಟಿನ ಸಂದೇಶವನ್ನು ಸಾಮಾನ್ಯ ಸಂದೇಶದೊಳಗೆ ಅಡಗಿಸಿ ಕಳಿಸುವ ವಿಧಾನವನ್ನು ಈಗಿನ ಗಣಕ ವಿಜ್ಞಾನದಲ್ಲಿ ಸ್ಟೆಗನಾಗ್ರಫಿ ಎನ್ನುತ್ತಾರೆ. ಚಿತ್ರದೊಳಗೆ ಅಕ್ಷರಗಳನ್ನು ಅಡಗಿಸುವುದು ಅದರ ಇಂದಿನ ರೂಪವಾದರೆ ಮದುವೆಯ ಕರೆಯೊಳಗೆ ದಂಡಿನ ಕರೆಯನ್ನು ಅಡಗಿಸುವುದು ಅಂದಿನ ರೂಪ.

ಇನ್ನು ಸಂದೇಶದ ತಿರುಳು. ಸ್ವಾಮಿಯ ಆಡಳಿತ ಮರಳಿ ಬಂದರೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ತೆರಿಗೆ ಇಲ್ಲವಾಗುತ್ತದೆ ಎಂದು ಪುಟ್ಟಬಸಪ್ಪ ಜನರಿಗೆ ಭರವಸೆ ಕೊಟ್ಟ. ಮಾತು ಚಿಕ್ಕದು, ಅಡುಗೆಮನೆಗೂ ಜಗಲಿಗೂ ನೇರವಾಗಿ ತಾಗುವಂಥದು, ಓದು ಬಾರದವನೂ ನೆನಪಿಟ್ಟುಕೊಂಡು ಮುಂದಿನವನಿಗೆ ತಪ್ಪಿಲ್ಲದೆ ಹೇಳಬಲ್ಲ. 1834ರ ಘೋಷಣೆಯ ಜೊತೆ ಇದನ್ನು ಹೋಲಿಸಿ ನೋಡಿ. ಮೊದಲನೆಯದು ಸರ್ಕಾರ ತನ್ನ ಬಗ್ಗೆ ಹೇಳಿಕೊಂಡ ಮಾತು, ಎರಡನೆಯದು ಕೇಳುವವನ ಬದುಕಿನ ಮಾತು.

ಒಂದು ಸರಳ ಲೆಕ್ಕ

1837ರ ಮಾರ್ಚ್ 30ರಂದು ಬಂಡಾಯಗಾರರು ಬೆಳ್ಳಾರೆಯ ಸರ್ಕಾರಿ ಕಚೇರಿಯನ್ನೂ ಖಜಾನೆಯನ್ನೂ ವಶಪಡಿಸಿಕೊಂಡರು. ಅಲ್ಲಿಂದ ಮುಖ್ಯ ದಂಡು ಪುತ್ತೂರು, ಬಂಟ್ವಾಳದ ದಾರಿ ಹಿಡಿಯಿತು. ಸುಬ್ರಹ್ಮಣ್ಯ, ಬಿಸಿಲೆ ಘಾಟಿಯ ಕಡೆಗೂ ಕಾಸರಗೋಡಿನ ಕಡೆಗೂ ಬೇರೆ ತಂಡಗಳು ಹೊರಟವು. ಏಪ್ರಿಲ್ 5ರಂದು ಮುಖ್ಯ ದಂಡು ಮಂಗಳೂರನ್ನು ಹೊಕ್ಕಿತು.

ಈಗ ಲೆಕ್ಕ ಹಾಕೋಣ. ಬೆಳ್ಳಾರೆಯಿಂದ ಮಂಗಳೂರಿಗೆ ಇಂದಿನ ರಸ್ತೆಯಲ್ಲಿ ಸುಮಾರು 75 ಕಿ.ಮೀ. ದಂಡು ಇದನ್ನು 6 ದಿನಗಳಲ್ಲಿ ಕ್ರಮಿಸಿತು. ಅಂದರೆ ದಿನಕ್ಕೆ ಸರಾಸರಿ ಹನ್ನೆರಡೂವರೆ ಕಿ.ಮೀ. ಆ ಕಾಲದ ಸರ್ಕಾರಿ ಟಪಾಲು ಹೇಗೆ ಓಡುತ್ತಿತ್ತು? ಅಲ್ಲಲ್ಲಿ ಆಳುಗಳನ್ನು ನಿಲ್ಲಿಸಿ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಚೀಲ ದಾಟಿಸುತ್ತ, ಹಗಲಿರುಳು ಓಡುವ ಪದ್ಧತಿ ಅದು. ವೇಗವನ್ನು ಗಂಟೆಗೆ 6 ಕಿ.ಮೀ. ಎಂದಿಟ್ಟುಕೊಂಡರೂ 75 ಕಿ.ಮೀ. ದೂರಕ್ಕೆ ಹನ್ನೆರಡೂವರೆ ಗಂಟೆ ಸಾಕು. ಹೊಳೆ ದಾಟುವ ವಿಳಂಬಕ್ಕೆ ಅಷ್ಟೇ ಹೊತ್ತು ಸೇರಿಸಿದರೂ ಒಂದು ದಿನದ ಮೇಲೆ ಸ್ವಲ್ಪವೇ ಆಗುತ್ತದೆ. ಮುಂಗಾರಿಗೆ ಇನ್ನೂ ಎರಡು ತಿಂಗಳಿತ್ತು, ಹೊಳೆಗಳಲ್ಲಿ ನೀರು ಕಡಿಮೆ.

ಹಾಗಾದರೆ ದಂಡು ಬರುವುದಕ್ಕೆ ನಾಲ್ಕು ದಿನ ಮೊದಲೇ ಸುದ್ದಿ ಮಂಗಳೂರಿಗೆ ಮುಟ್ಟಬಹುದಿತ್ತು. ಕಲೆಕ್ಟರ್ ಲೆವಿನ್ ಸಣ್ಣ ಸೈನ್ಯದೊಡನೆ ಪುತ್ತೂರಿನವರೆಗೆ ಹೋದದ್ದನ್ನು ನೋಡಿದರೆ ಸುದ್ದಿ ಮುಟ್ಟಿದ್ದಂತೂ ನಿಜ. ಹೀಗಾಗಿ ಸೋಲಿಗೆ ಸುದ್ದಿಯ ವೇಗವನ್ನು ದೂರಿ ಪ್ರಯೋಜನವಿಲ್ಲ. ರಕ್ಷಣೆಯಲ್ಲಿ ಒಟ್ಟು ವಿಳಂಬವೆಂದರೆ ನಾಲ್ಕು ಕಾಲಗಳ ಮೊತ್ತ: ಸುದ್ದಿ ತಲುಪುವ ಕಾಲ, ಅದನ್ನು ನಂಬುವ ಕಾಲ, ನಿರ್ಧಾರ ಕೈಗೊಳ್ಳುವ ಕಾಲ ಮತ್ತು ಸೈನ್ಯ ಚಲಿಸುವ ಕಾಲ. ಮಂಗಳೂರಿನಲ್ಲಿ ಎಡವಿದ್ದು ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ.

ಪುತ್ತೂರಿನಲ್ಲಿ ಕಲೆಕ್ಟರನಿಗೆ ಎದುರಾದ ಸಮಸ್ಯೆಯನ್ನು ಊಹಿಸಿಕೊಳ್ಳಿ. ಎದುರಾಳಿಗಳು ಎಷ್ಟು ಜನ? ನೂರೇ, ಸಾವಿರವೇ? ಜೊತೆಗಿರುವ ಊರಿನವರಲ್ಲಿ ಯಾರು ತನ್ನವರು? ಕೇಳಿ ತಿಳಿಯಲು ನಂಬಿಕೆಯ ಜನರಿಲ್ಲ. ಹೀಗಿರುವಾಗ ಪ್ರತಿ ವದಂತಿಯೂ ಸುದ್ದಿಯಷ್ಟೇ ತೂಕದ್ದಾಗುತ್ತದೆ. ಆತ ಮಂಗಳೂರಿಗೆ ಹಿಂದಿರುಗಿದ. ದಾರಿಯುದ್ದಕ್ಕೂ ವಿರೋಧ ಹೆಚ್ಚುತ್ತಲೇ ಹೋಯಿತು. ಕಡೆಗೆ ಯುರೋಪಿಯನ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಹೋದರು. ಬಂಡಾಯಗಾರರು ಸೆರೆಮನೆಯ ಬಾಗಿಲು ತೆರೆದರು, ಕಚೇರಿಗಳಿಗೆ ಬೆಂಕಿ ಇಟ್ಟರು.

1948ರಲ್ಲಿ ಕ್ಲಾಡ್ ಶಾನನ್ ಮಂಡಿಸಿದ ಸಂವಹನ ಸಿದ್ಧಾಂತವನ್ನು ವಿಜ್ಞಾನ ವಿದ್ಯಾರ್ಥಿಗಳು ಬಲ್ಲರು. ಸಂಕೇತದ ಜೊತೆಗೆ ಗದ್ದಲವೂ ವಾಹಿನಿಯಲ್ಲಿ ಸಾಗುತ್ತದೆ. ಗದ್ದಲ ಹೆಚ್ಚಾದಷ್ಟೂ ಸಂಕೇತವನ್ನು ಬೇರ್ಪಡಿಸುವುದು ಕಷ್ಟ. ಅದಕ್ಕೆ ಪರಿಹಾರ ಅದೇ ಸಂದೇಶವನ್ನು ಬೇರೆ ಬೇರೆ ದಾರಿಗಳಿಂದ ಪಡೆದು ತಾಳೆ ನೋಡುವುದು. ಒಂದೇ ದಾರಿಯನ್ನು, ಅದೂ ಕಂದಾಯದ ದಾರಿಯನ್ನು ಮಾತ್ರ ಇಟ್ಟುಕೊಂಡಿದ್ದವರಿಗೆ ತಾಳೆ ನೋಡಲು ಬೇರೆ ಏನಿತ್ತು?

ಬಾವುಟ ಎಷ್ಟು ದೂರ ಕಾಣುತ್ತದೆ?

ಮಂಗಳೂರಿನ ಎತ್ತರದ ಗುಡ್ಡದ ಮೇಲೆ ಬಂಡಾಯಗಾರರು ತಮ್ಮ ಬಾವುಟ ಹಾರಿಸಿದರು. ಇಂದಿಗೂ ಅದು ಬಾವುಟಗುಡ್ಡ. ಹದಿಮೂರು ದಿನ ಆ ಬಾವುಟ ಹಾರಿತೆಂದು ನಮ್ಮ ಜಿಲ್ಲೆಯ ಜನ ಹೇಳುತ್ತಾರೆ.

ಬಾವುಟವೂ ಒಂದು ಸಂವಹನ ಸಾಧನ. ನಮ್ಮ ಕಣ್ಣು ಒಂದು ವಸ್ತುವನ್ನು ಗುರುತಿಸಬೇಕಾದರೆ ಅದು ಕಣ್ಣಿನಲ್ಲಿ ಕನಿಷ್ಠ ಒಂದು ಕಲೆಯಷ್ಟು (ಒಂದು ಡಿಗ್ರಿಯ 60ನೇ ಒಂದು ಭಾಗ) ಕೋನ ಮಾಡಬೇಕು. ಈ ಲೆಕ್ಕದಲ್ಲಿ ಎರಡು ಮೀಟರ್ ಅಗಲದ ಬಾವುಟ ತಿಳಿಯಾದ ಹವೆಯಲ್ಲಿ ಹೆಚ್ಚೆಂದರೆ 7 ಕಿ.ಮೀ. ದೂರದಿಂದ ಒಂದು ಚುಕ್ಕೆಯಂತೆ ಕಂಡೀತು. ಅದರ ಬಣ್ಣ, ಚಿಹ್ನೆ ತಿಳಿಯಬೇಕಾದರೆ ಇನ್ನೂ ಹತ್ತಿರ ಬೇಕು. ಅಂದರೆ ಅದು ಮಂಗಳೂರಿನ ಪೇಟೆಗೂ ಅಳಿವೆಯಲ್ಲಿದ್ದ ಹಡಗುಗಳಿಗೂ ಕಂಡಿತು. ಪುತ್ತೂರು, ಸುಳ್ಯದವರಿಗೆ ಅದು ಬಾಯಿಮಾತಾಗಿಯೇ ತಲುಪಿತು.

ಬಂಡಾಯದ ಸಂವಹನದ ಮಿತಿಯೂ ಇಲ್ಲೇ ಇದೆ. ಜಗಲಿಯಿಂದ ಜಗಲಿಗೆ ಹೋಗುವ ಸುದ್ದಿಜಾಲ ಜನರನ್ನು ಒಟ್ಟುಗೂಡಿಸಲು ಬಹಳ ಸಮರ್ಥ. ಆದರೆ ಸುಳ್ಯ, ಬಿಸಿಲೆ, ಕಾಸರಗೋಡು, ಮಂಗಳೂರು ಎಂದು ಹಂಚಿಹೋದ ತಂಡಗಳನ್ನು ದಿನದಿನವೂ ಒಂದೇ ತೀರ್ಮಾನದಡಿ ನಡೆಸಲು ಅದು ಸಾಲದು. ಕಂಪೆನಿಯ ಕೈಯಲ್ಲಾದರೋ ಸಮುದ್ರವಿತ್ತು. ಏಪ್ರಿಲ್ ತಿಂಗಳಾದ್ದರಿಂದ ಕಡಲು ಶಾಂತವಾಗಿತ್ತು. ಕಣ್ಣೂರು, ತಲಚೇರಿ, ಮುಂಬಯಿಗಳಿಂದ ಸೈನ್ಯ ಬಂತು. ಇದೇ ಘಟನೆ ಜೂನ್ ತಿಂಗಳಲ್ಲಿ ನಡೆದಿದ್ದರೆ ಮಳೆಗಾಲದ ಕಡಲು ಆ ದಾರಿಯನ್ನು ಮುಚ್ಚಿರುತ್ತಿತ್ತು.

ಮಡಿಕೇರಿಯ ಕಡೆಯ ಚಿತ್ರ

ಇದೇ ಹೊತ್ತಿನಲ್ಲಿ ಘಟ್ಟದ ಮೇಲೆ ಬೇರೆಯದೇ ಚಿತ್ರವಿತ್ತು. ಮಡಿಕೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಕ್ಯಾಪ್ಟನ್ ಲೆ ಹಾರ್ಡಿಗೆ ನಾಡಿನ ಮುಖಂಡರೊಡನೆ ನೇರ ಸಂಪರ್ಕವಿತ್ತು. ಅರಸರ ಕಾಲದ ದಿವಾನರಾದ ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ಅವರನ್ನೇ ಹುದ್ದೆಯಲ್ಲಿ ಮುಂದುವರಿಸಲಾಗಿತ್ತು. ಬಂಡಾಯದ ಸುದ್ದಿ ಬಂದಾಗ ಬೋಪು ತನ್ನ ಜನರೊಡನೆ ಕಂಪೆನಿಯ ಪರ ನಿಂತ. ಇನ್ನೊಬ್ಬ ದಿವಾನ ಲಕ್ಷ್ಮೀನಾರಾಯಣನನ್ನು ಬಂಡಾಯಗಾರರೊಡನೆ ಸಂಬಂಧವಿದೆಯೆಂಬ ಸಂಶಯದ ಮೇಲೆ ಸೆರೆಹಿಡಿಯಲಾಯಿತು.

ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ಇಲ್ಲಿ ಬೇಡ. ಒಂದೇ ಕಂಪೆನಿ, ಒಂದೇ ತಿಂಗಳು, ನಡುವೆ ಒಂದೇ ಘಟ್ಟ. ಆದರೂ ಎರಡು ಬೇರೆ ಫಲಿತಾಂಶ. ಮಡಿಕೇರಿಯ ಅಧಿಕಾರಿಗೆ ಕೇಳಿ ತಿಳಿಯಲು ಊರಿನ ಜನರಿದ್ದರು, ಮಂಗಳೂರಿನ ಅಧಿಕಾರಿಗೆ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡುವಷ್ಟು ಅಚ್ಚುಕಟ್ಟಾದ ಹೋಲಿಕೆ ಇತಿಹಾಸದಲ್ಲಿ ಸಿಗುವುದಿಲ್ಲ ನಿಜ. ಘಟ್ಟದ ಮೇಲೆ ಕಂದಾಯದ ಕಷ್ಟವೂ ಬೇರೆಯಾಗಿತ್ತು. ಆದರೂ ಈ ಹೋಲಿಕೆ ಯೋಚನೆಗೆ ಹಚ್ಚುವಂಥದು.

ಗಲ್ಲು, ಪದಕ ಮತ್ತು ಒಂದು ಹೆಸರು

ಬಂಡಾಯ ಅಡಗಿದ ಮೇಲೆ ಸರ್ಕಾರ ಮೂರು ಬಗೆಯಲ್ಲಿ ಜನರೊಡನೆ ಮಾತನಾಡಿತು. ಮೊದಲನೆಯದು ಗಲ್ಲು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ, ಜನರ ಕಣ್ಣೆದುರಿಗೇ ಗಲ್ಲಿಗೇರಿಸಿದರು. ಎರಡನೆಯದು ಪದಕ. ತನ್ನ ಪರ ನಿಂತವರಿಗೆ ಕಂಪೆನಿ ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ಟಂಕಿಸಿ ಕೊಟ್ಟಿತು. ಅದರ ಮೇಲೆ ಇಂಗ್ಲಿಷಿನ ಜೊತೆಗೆ ಕನ್ನಡದ ಬರಹವೂ ಇತ್ತು. ಆಡಳಿತಗಾರರಿಗೆ ಜನರ ಭಾಷೆಯ ಬೆಲೆ ತಿಳಿದದ್ದು ಇಷ್ಟು ತಡವಾಗಿ.

ಮೂರನೆಯದು ಹೆಸರು. ಈ ಘಟನೆಗೆ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು ಬಿತ್ತು. ಕಾಟಕಾಯಿ ಎಂದರೆ ಲೂಟಿ, ಪುಂಡಾಟಿಕೆ. ಒಂದು ತಲೆಮಾರಿನ ಹೋರಾಟವನ್ನು ಪುಂಡಾಟಿಕೆಯೆಂದು ಮುಂದಿನ ಹಲವು ತಲೆಮಾರುಗಳು ಅದೇ ಹೆಸರಿನಿಂದ ನೆನೆದವು. ಈ ಹೆಸರು ಬದಲಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 2022ರ ನವೆಂಬರ್‌ನಲ್ಲಿ ಅದೇ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಗಲ್ಲಿನ ಸಂದೇಶವೂ ಪದಕದ ಸಂದೇಶವೂ ಮಾಸಿಹೋದವು; ಜಗಲಿಯಿಂದ ಜಗಲಿಗೆ ಸಾಗಿದ ನೆನಪು ಉಳಿಯಿತು.

ತಂತಿ ಬಂದ ಮೇಲೆ

ಕಾಕತಾಳೀಯವೆಂಬಂತೆ, ಬೆಳ್ಳಾರೆಯ ಖಜಾನೆ ಕೈತಪ್ಪಿದ 1837ರಲ್ಲೇ ಇಂಗ್ಲೆಂಡಿನಲ್ಲಿ ಕುಕ್ ಮತ್ತು ವೀಟ್‌ಸ್ಟೋನ್ ತಮ್ಮ ವಿದ್ಯುತ್ ಟೆಲಿಗ್ರಾಫಿಗೆ ಹಕ್ಕುಪತ್ರ ಪಡೆದರು. ಅದೇ ವರ್ಷ ಭಾರತದಲ್ಲಿ ಪತ್ರ ಸಾಗಣೆಯ ಏಕಸ್ವಾಮ್ಯವನ್ನು ಕಂಪೆನಿಗೆ ಕೊಡುವ ಅಂಚೆ ಕಾಯಿದೆ ಬಂತು. 1839ರಲ್ಲಿ ಓಶಾಗ್ನೆಸಿ ಕಲ್ಕತ್ತದಲ್ಲಿ ತಂತಿಯ ಪ್ರಯೋಗ ನಡೆಸಿದ. 1855ರ ಹೊತ್ತಿಗೆ ಕಲ್ಕತ್ತ, ಆಗ್ರಾ, ಮುಂಬಯಿ, ಮದರಾಸುಗಳು ತಂತಿಯಿಂದ ಬೆಸೆದುಕೊಂಡವು. ದಿನಗಳ ದಾರಿ ನಿಮಿಷಗಳಿಗೆ ಇಳಿಯಿತು.

ಹಾಗಾದರೆ ಸಮಸ್ಯೆ ಬಗೆಹರಿಯಿತೇ? 1857ರ ಮೇ 11ರಂದು ದೆಹಲಿಯ ತಂತಿ ಕಚೇರಿಯಿಂದ ಅಂಬಾಲಕ್ಕೆ ದಂಗೆಯ ಸುದ್ದಿ ಕ್ಷಣಾರ್ಧದಲ್ಲಿ ಹೋಯಿತು. ಸೈನ್ಯ ಚಲನೆಗೆ ಅದರಿಂದ ಬಹಳ ಅನುಕೂಲವಾಯಿತು. ಆದರೆ ಸಿಪಾಯಿಗಳ ಮನಸ್ಸಿನಲ್ಲಿ ತಿಂಗಳುಗಳಿಂದ ಕುದಿಯುತ್ತಿದ್ದುದು ಯಾವ ತಂತಿಯ ಮೇಲೂ ಬಂದಿರಲಿಲ್ಲ. ನಮ್ಮ ಸೂತ್ರದ ನಾಲ್ಕು ಕಾಲಗಳಲ್ಲಿ ಟೆಲಿಗ್ರಾಫ್ ಕಡಿಮೆ ಮಾಡಿದ್ದು ಮೊದಲನೆಯದನ್ನು ಮಾತ್ರ.

ಇಂದಿನ ಸುಳ್ಯ, ಇಂದಿನ ಮೊಬೈಲು

ಈ ಪಾಠ ಹಳೆಯದಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಪರಿಸರದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸುಳ್ಯ ರಸ್ತೆ ತುಂಡಾಯಿತು. ಮನೆ ಕಳೆದುಕೊಂಡವರು ಸಂಪಾಜೆ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಬಂದರು. 2022ರ ಜೂನ್‌ನಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯಲ್ಲಿ ಲಘು ಭೂಕಂಪನಗಳಾದವು. ಇಂತಹ ಹೊತ್ತಿನಲ್ಲಿ ಪ್ರತಿ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ: ಯಾರ ಮಾತು ನಂಬಬೇಕು?

ತಂತ್ರಜ್ಞಾನ ಈಗ ಬಹಳ ಮುಂದಿದೆ. 2023ರಲ್ಲಿ ನಮ್ಮೆಲ್ಲರ ಮೊಬೈಲುಗಳು ಒಮ್ಮೆಗೇ ಕಿರುಚಿಕೊಂಡದ್ದು ನೆನಪಿರಬಹುದು. ಅದು ದೂರಸಂಪರ್ಕ ಇಲಾಖೆ ನಡೆಸಿದ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಇದರಲ್ಲಿ ಒಂದೊಂದೇ ಸಂಖ್ಯೆಗೆ ಸಂದೇಶ ಕಳಿಸುವುದಿಲ್ಲ. ಒಂದು ಗೋಪುರದ ವ್ಯಾಪ್ತಿಯಲ್ಲಿರುವ ಎಲ್ಲ ಮೊಬೈಲುಗಳೂ ಅದನ್ನು ಏಕಕಾಲಕ್ಕೆ ಹಿಡಿಯುತ್ತವೆ. ಜಾಲದಲ್ಲಿ ದಟ್ಟಣೆ ಇದ್ದರೂ ತಡವಾಗುವುದಿಲ್ಲ. 2025ರ ಮೇ 7ರಂದು ದೇಶದ ಹಲವೆಡೆ ನಾಗರಿಕ ರಕ್ಷಣಾ ತಾಲೀಮು ನಡೆಯಿತು. ಆ ದಿನಗಳಲ್ಲಿ ಗಡಿಯ ಸುದ್ದಿಯ ಜೊತೆಗೇ ಹಳೆಯ ಚಿತ್ರಗಳೂ ಸುಳ್ಳು ಸುದ್ದಿಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದವು. ಸರ್ಕಾರ ಅಧಿಕಾರಿಗಳನ್ನು ಮಾಧ್ಯಮದ ಮುಂದೆ ಕೂರಿಸಿ ವಿವರ ಕೊಡಿಸಬೇಕಾಯಿತು, ಸುಳ್ಳನ್ನು ಸುಳ್ಳೆಂದು ಹೇಳಿಸಬೇಕಾಯಿತು. ತಲುಪುವ ಕಾಲ ಸೊನ್ನೆಯ ಸಮೀಪಕ್ಕೆ ಬಂದಿದೆ. ನಂಬುವ ಕಾಲ ಮಾತ್ರ ಹಾಗೆಯೇ ಇದೆ.

ಈ ಎರಡನೆಯ ಕಾಲವನ್ನು ಕಡಿಮೆ ಮಾಡುವ ಯಂತ್ರ ಇನ್ನೂ ತಯಾರಾಗಿಲ್ಲ. ಅದನ್ನು ಶಾಂತಿಯ ದಿನಗಳಲ್ಲೇ ಗಳಿಸಿಕೊಳ್ಳಬೇಕು. ಗ್ರಾಮಸಭೆಯಲ್ಲಿ ಹೇಳಿದ ಕಷ್ಟ ತಾಲ್ಲೂಕು ಕಚೇರಿಗೆ ಮುಟ್ಟಿ ಅಲ್ಲಿಂದ ಉತ್ತರ ಬರುವ ಊರಿನಲ್ಲಿ, ಆಪತ್ತಿನ ದಿನ ತಹಶೀಲ್ದಾರರ ಮಾತಿಗೆ ತೂಕವಿರುತ್ತದೆ. ಕಂದಾಯದ ನೋಟೀಸು ಬಿಟ್ಟು ಬೇರೇನೂ ಬಾರದ ಊರಿನಲ್ಲಿ ವದಂತಿಗೇ ತೂಕ ಹೆಚ್ಚು. 1837ರ ಮಂಗಳೂರಿನ ಕಲೆಕ್ಟರನಿಗೆ ಇದು ತಿಳಿಯುವ ಹೊತ್ತಿಗೆ ಹಡಗು ಲಂಗರು ಎತ್ತಿಯಾಗಿತ್ತು.

ತರಗತಿಯಲ್ಲಿ ಮಾಡಿ ನೋಡಿ

ಇಪ್ಪತ್ತು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ. ಮೊದಲನೆಯವನ ಕಿವಿಯಲ್ಲಿ ಎರಡು ಅಂಕಿ ಮತ್ತು ಒಂದು ಊರಿನ ಹೆಸರಿರುವ ವಾಕ್ಯವೊಂದನ್ನು ಹೇಳಿ, ಒಬ್ಬರಿಂದೊಬ್ಬರಿಗೆ ದಾಟಿಸಲು ತಿಳಿಸಿ. ಕೊನೆಯವನು ಹೇಳಿದ್ದನ್ನು ಬರೆದುಕೊಳ್ಳಿ. ಎರಡನೆಯ ಸಲ ಅದೇ ಉದ್ದದ ಬೇರೊಂದು ವಾಕ್ಯ ಕೊಡಿ. ಈ ಸಲ ಪ್ರತಿಯೊಬ್ಬರೂ ಕೇಳಿದ್ದನ್ನು ಹೇಳಿದವನಿಗೆ ಮರಳಿ ಹೇಳಿ, ಸರಿ ಎನಿಸಿಕೊಂಡ ಮೇಲೆಯೇ ಮುಂದೆ ದಾಟಿಸಲಿ. ಎರಡೂ ಸಲ ತೆಗೆದುಕೊಂಡ ಕಾಲವನ್ನೂ ಆದ ತಪ್ಪುಗಳನ್ನೂ ಹೋಲಿಸಿ. ಎರಡನೆಯ ಸಲ ಕಾಲ ಹೆಚ್ಚು ಹಿಡಿಯುತ್ತದೆ. ತಪ್ಪುಗಳ ಸಂಖ್ಯೆ ಏನಾಯಿತೆಂದು ಎಣಿಸಿ, ಕಾರಣವನ್ನು ಮಕ್ಕಳಿಂದಲೇ ಹೇಳಿಸಿ. ಬೆಳ್ಳಾರೆಯ ಕಥೆಯನ್ನು ಆಮೇಲೆ ಹೇಳಿ.